ಸತ್ಯಾಂಶ: ಪೋರ್ಟೊರಿಕೊಗೆ ವಿದೇಶಿ ಹಡಗು ಬರುವಂತಿಲ್ಲವೇ?

‘ಅಮೆರಿಕದ ಜೋನ್ಸ್ ಕಾಯ್ದೆಯಿಂದ ಪೋರ್ಟೊರಿಕೊ ದ್ವೀಪಕ್ಕೆ ವಿದೇಶಿ ಹಡಗುಗಳೇ ಬರುವಂತಿಲ್ಲ, ಅದಕ್ಕೇ ಅಲ್ಲಿ ಎಲ್ಲ ದುಬಾರಿ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ಅರ್ಧ ಸತ್ಯ.

ಬೇರೆ ದೇಶದಿಂದ ಹೊರಟ ವಿದೇಶಿ ಹಡಗು ನೇರವಾಗಿ ದ್ವೀಪದ ಸಾನ್ ಹುವಾನ್ ಬಂದರಿನಲ್ಲಿ ಸರಕು ಇಳಿಸಬಹುದು. 1920ರ ಈ ಕಾಯ್ದೆ ಅನ್ವಯಿಸುವುದು ಅಮೆರಿಕದ ಬಂದರುಗಳ ನಡುವಿನ ಸಾಗಣೆಗೆ ಮಾತ್ರ. ಪೋರ್ಟೊರಿಕೊ ಅಮೆರಿಕದ ಆಡಳಿತದಲ್ಲಿರುವುದರಿಂದ ಸಾನ್ ಹುವಾನ್ ಕೂಡ ಆ ಲೆಕ್ಕಕ್ಕೆ ಸೇರುತ್ತದೆ. ಫ್ಲೋರಿಡಾದ ಜಾಕ್ಸನ್‌ವಿಲ್‌ನಿಂದ ಅಕ್ಕಿಮೂಟೆ ತುಂಬಿದ ಕಂಟೇನರ್ ಸಾನ್ ಹುವಾನ್‌ಗೆ ಹೋಗಬೇಕೆಂದರೆ ಹಡಗು ಅಮೆರಿಕದಲ್ಲೇ ಕಟ್ಟಿದ್ದಾಗಿರಬೇಕು. ಒಡೆತನ, ಬಾವುಟ ಅಲ್ಲಿಯದೇ, ಸಿಬ್ಬಂದಿಯೂ ಬಹುಪಾಲು ಅಲ್ಲಿಯವರೇ. ಅಂಥ ಹಡಗು ಕಟ್ಟಲು ಏಷ್ಯಾದಲ್ಲಿ ಆಗುವುದಕ್ಕಿಂತ ಹಲವು ಪಟ್ಟು ಖರ್ಚು. ದ್ವೀಪದ ಆಹಾರದ ಬಹುಪಾಲು ಹೊರಗಿನಿಂದಲೇ ಬರುವುದರಿಂದ ಆ ಭಾರ ಅಡುಗೆಮನೆಗೂ ತಟ್ಟುತ್ತದೆ. ಎಷ್ಟು ಎಂಬುದರಲ್ಲಿ ಅರ್ಥಶಾಸ್ತ್ರಜ್ಞರಿಗೇ ಒಮ್ಮತವಿಲ್ಲ.

ಪಕ್ಕದ ಯುಎಸ್ ವರ್ಜಿನ್ ದ್ವೀಪಗಳಿಗೆ ಈ ಕಾಯ್ದೆಯಿಂದ ವಿನಾಯಿತಿ ಇದೆ. ಆದರೂ ಅಲ್ಲಿ ಜೀವನ ಅಗ್ಗವಾಗಿಲ್ಲ.