ಗಾಯ ಕಾಣಲಿಲ್ಲ ಅಂದ್ರೆ ನೋವು ಸುಳ್ಳಾ?

ಇವತ್ತು ಮಧ್ಯಾಹ್ನದಿಂದ ಹೊಟ್ಟೆಯೊಳಗೆ ಸಂಕಟ. ಬರೆಯದೆ ಇದ್ದರೆ ನಿದ್ದೆ ಬರಲ್ಲ.

ಅವ್ವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವಳಿಗೆ ಸರ್ಪಸುತ್ತು ಆಗಿತ್ತು, ನಾನು ಅಷ್ಟು ದಿನ ಇಲ್ಲಿ ಏನೂ ಬರೆಯದೆ ಇದ್ದದ್ದು ಅದಕ್ಕೇ. ಗುಳ್ಳೆ ಒಣಗಿ ಉದುರಿ ನಾಲ್ಕು ತಿಂಗಳಾಯ್ತು. ಎಡ ಪಕ್ಕೆಯ ಮೇಲೆ ಒಂದಿಷ್ಟು ಕಪ್ಪು ಕಲೆ ಬಿಟ್ಟರೆ ಈಗ ಏನೂ ಕಾಣಲ್ಲ. ಆದರೆ ಅವ್ವ ಇನ್ನೂ ಸೆರಗನ್ನು ಎರಡು ಬೆರಳಲ್ಲಿ ಮೈಯಿಂದ ದೂರ ಹಿಡಿದುಕೊಂಡೇ ಓಡಾಡುತ್ತಾಳೆ. ಬಟ್ಟೆ ತಾಗಿದರೆ ಸಾಕು, ಹಲ್ಲು ಕಚ್ಚುತ್ತಾಳೆ. ಫ್ಯಾನ್ ಗಾಳಿಯೂ ಆಗಿಬರಲ್ಲ.

"ಕೆಂಡ ಇಟ್ಟಂಗ ಉರೀತೈತ್ರಿ ಸಾಹೇಬ್ರ" ಅಂದಳು.

ಅವರು ಟಾರ್ಚ್ ಹಾಕಿ ನೋಡಿದರು. "ಎಲ್ಲಾ ಮಾಯ್ದಾವಲ್ಲ ಅಜ್ಜಿ, ಈಗೇನೂ ಇಲ್ಲ. ಜಾಸ್ತಿ ವಿಚಾರ ಮಾಡಬ್ಯಾಡ್ರಿ, ಮನಸ್ಸು ಗಟ್ಟಿ ಮಾಡ್ಕೋರಿ." ಅಷ್ಟೇ. ಎರಡು ನಿಮಿಷವೂ ಆಗಿರಲಿಲ್ಲ. ಅವ್ವ ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿ ಎದ್ದು ಬಂದಳು.

ಗಾಯ ಕಾಣಲಿಲ್ಲ ಅಂದರೆ ನೋವೇ ಇಲ್ಲವಾ?

ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳುವವಳು. ನೋವಿನ ಸುದ್ದಿ ಹೊರಡೋದು ನರಕೋಶದಿಂದ. ಅದು ನೋವು ಅನ್ನಿಸೋದು ಮಿದುಳಿಗೆ ತಲುಪಿದ ಮೇಲೆ. ಬೆನ್ನುಹುರಿಯ ಪಕ್ಕದಲ್ಲಿ ಕೂತ ಒಂದು ನರಕೋಶ, ಅದರ ಒಂದು ಎಳೆ ಚರ್ಮದವರೆಗೂ ಬಂದಿರುತ್ತೆ. ಆ ಎಳೆಯ ತುದಿಯಲ್ಲಿ ಪ್ರೋಟೀನಿನ ಸಣ್ಣ ಸಣ್ಣ ಬಾಗಿಲುಗಳಿವೆ. ಬಿಸಿ ತಾಗಿದಾಗ ತೆರೆಯೋದು ಕೆಲವು, ಒತ್ತಿದಾಗ ತೆರೆಯೋದು ಕೆಲವು. ಬಾಗಿಲು ತೆರೆದರೆ ಸೋಡಿಯಂ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತವೆ, ನರದಲ್ಲಿ ವಿದ್ಯುತ್ತು ಹರಿಯುತ್ತೆ. ದೋಸೆ ಹೆಂಚಿಗೆ ಬೆರಳು ತಾಗಿದಾಗ ಮೊದಲು ಚುರುಕ್ ಅಂತ ಒಂದು ನೋವು, ಆಮೇಲೆ ನಿಧಾನಕ್ಕೆ ಏರುವ ಉರಿ, ಗಮನಿಸಿದ್ದೀರಾ? ಮೊದಲನೆಯದು ವೇಗದ ನರದ್ದು. ಎರಡನೆಯದು ಸೆಕೆಂಡಿಗೆ ಹೆಚ್ಚೂಕಡಿಮೆ ಒಂದು ಮೀಟರ್ ಹೋಗುವ ನಿಧಾನದ ನರದ್ದು.

ಈ ಬಾಗಿಲುಗಳಲ್ಲಿ ಒಂದನ್ನು 1997ರಲ್ಲಿ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ ಗುರುತಿಸಿತು. ಹೆಸರು ಟಿಆರ್‌ಪಿವಿ1. ಗುರುತಿಸಿದ್ದು ಯಾವುದರಿಂದ ಗೊತ್ತಾ? ಮೆಣಸಿನಕಾಯಿಯಿಂದ! ಖಾರದೊಳಗಿನ ಕ್ಯಾಪ್ಸೈಸಿನ್ ಯಾವ ಬಾಗಿಲು ತಟ್ಟುತ್ತೆ ಅಂತ ಹುಡುಕುತ್ತಾ ಹೋದರು, ಸಿಕ್ಕ ಬಾಗಿಲು ಸುಮಾರು 43 ಡಿಗ್ರಿ ಬಿಸಿಗೂ ತೆರೆಯುವಂಥದ್ದಾಗಿತ್ತು. ಅಂದರೆ ನಾಲಿಗೆ ಮೇಲಿನ ಖಾರ ರುಚಿಯೇ ಅಲ್ಲ, ಸುಡುವ ಸುದ್ದಿ. 2021ರಲ್ಲಿ ಅವರಿಗೆ ನೊಬೆಲ್ ಬಂತು. ಒತ್ತಡಕ್ಕೆ ತೆರೆಯುವ ಪೀಜೋ ಬಾಗಿಲುಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೌಟಿಯನ್ ಅವರಿಗೂ ಜೊತೆಯಲ್ಲೇ.

ನಾನು ಹುಟ್ಟಿದ್ದು ಬ್ಯಾಡಗಿ ಕಡೆ. ಅಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರನ್ನು ನೋಡಿ ಬೆಳೆದವಳು. ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತಾರೆ, ನಿಜ. ಆದರೆ ದಿನವಿಡೀ ತೊಟ್ಟು ಬಿಡಿಸಿದ ಕೈಯನ್ನು ಕೇಳಿ. ಸಂಜೆ ಎಷ್ಟು ನೀರು ಹಾಕಿದರೂ ಉರಿ ಹೋಗಲ್ಲ, ಯಾಕೆಂದರೆ ಕ್ಯಾಪ್ಸೈಸಿನ್ ನೀರಲ್ಲಿ ಕರಗೋದೇ ಇಲ್ಲ ಅನ್ನಬಹುದು, ಎಣ್ಣೆಯಲ್ಲಿ ಕರಗುತ್ತೆ. ಅವರು ಅದಕ್ಕೇ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ಅವರ ಅಂಗೈಲಿ ಒಂದು ಗೀರೂ ಇರಲಿಲ್ಲ, ಬೊಬ್ಬೆಯೂ ಇರಲಿಲ್ಲ. ಆ ಉರಿ ಸುಳ್ಳಾ? ಬೆಂಕಿಗೂ ಉರಿ, ಮೆಣಸಿನಕಾಯಿಗೂ ಉರಿ, ಗಾಯಕ್ಕೂ ಉರಿ. ಜೂಲಿಯಸ್‌ಗಿಂತ ಎಷ್ಟೋ ಮೊದಲೇ ನಮ್ಮವರು ಮೂರಕ್ಕೂ ಒಂದೇ ಮಾತು ಇಟ್ಟಿದ್ದಾರೆ.

ಈಗ ಅವ್ವನ ಪಕ್ಕೆಗೆ ಬನ್ನಿ. ಚಿಕ್ಕಂದಿನಲ್ಲಿ ಅಮ್ಮ, ಅಂದರೆ ಚಿಕನ್‌ಪಾಕ್ಸ್, ಎದ್ದಾಗ ಹೊಕ್ಕ ವೈರಸ್ಸು ಬೆನ್ನುಹುರಿ ಪಕ್ಕದ ಅದೇ ನರಕೋಶಗಳಲ್ಲಿ ವರ್ಷಗಟ್ಟಲೆ ಮಲಗಿರುತ್ತೆ. ವಯಸ್ಸಾದ ಮೇಲೆ ಎದ್ದು ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತೆ. ಅದಕ್ಕೇ ಸರ್ಪಸುತ್ತು ಒಂದೇ ಪಕ್ಕಕ್ಕೆ ಪಟ್ಟಿಯ ಹಾಗೆ ಏಳೋದು. ಚರ್ಮ ಮಾಯುತ್ತೆ, ಪೆಟ್ಟು ತಿಂದ ನರ ಮಾಯಬೇಕಲ್ಲ! ಅದು ಯಾರೂ ತಟ್ಟದೆ ಸುದ್ದಿ ಕಳಿಸುತ್ತಾ ಇರುತ್ತೆ. ಬೆನ್ನುಹುರಿಯೂ ಅತಿ ಸೂಕ್ಷ್ಮವಾಗಿ ಬಿಡುತ್ತೆ. ಆಗ ಸೀರೆ ಸೋಕಿದ್ದೂ ಕೆಂಡದ ಹಾಗೇ ಮಿದುಳಿಗೆ ಮುಟ್ಟುತ್ತೆ. ಟಾರ್ಚ್ ಹಾಕಿದರೆ ಇದು ಕಾಣುತ್ತಾ?

ಮನಸ್ಸಿಗೂ ನೋವಿಗೂ ಸಂಬಂಧ ಇಲ್ಲವೇ ಅಂತ ಕೆಲವರು ಕೇಳಬಹುದು. ಇದೆ. ಹೆದರಿಕೆ, ನಿದ್ದೆಗೇಡು ನೋವನ್ನು ಜಾಸ್ತಿ ಮಾಡುತ್ತವೆ. ಅವ್ವ ರಾತ್ರಿಯೆಲ್ಲ ಎದ್ದು ಕೂತಿರುತ್ತಾಳೆ, ನೋವಿನಿಂದ ನಿದ್ದೆ ಹೋಯ್ತು, ನಿದ್ದೆ ಇಲ್ಲದೆ ನೋವು ಏರಿತು. ಮೊದಲು ಬಂದದ್ದು ನೋವು. ಅದನ್ನು ಬಿಟ್ಟು ಮನಸ್ಸು ಗಟ್ಟಿ ಮಾಡ್ಕೋ ಅನ್ನೋದು ಯಾವ ಚಿಕಿತ್ಸೆ? ನೋವಿನ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆ ತಿದ್ದಿದಾಗ ಸ್ಪಷ್ಟವಾಗಿ ಹೇಳಿದೆ, ನೋವಾಗುತ್ತಿದೆ ಅಂತ ಒಬ್ಬರು ಹೇಳಿದರೆ ಆ ಮಾತಿಗೆ ಬೆಲೆ ಕೊಡಬೇಕು ಅಂತ. ಇಂಥ ನರದ ನೋವಿಗೇ ಬೇರೆ ಮಾತ್ರೆಗಳಿವೆ. ಅದೇ ಕ್ಯಾಪ್ಸೈಸಿನ್ ಶೇ. 8ರಷ್ಟಿರುವ, ಚರ್ಮಕ್ಕೆ ಅಂಟಿಸುವ ಪಟ್ಟಿಯೂ ಇದೆ, ಜೋರು ಖಾರ ಹಚ್ಚಿ ಆ ನರದ ತುದಿಗಳನ್ನೇ ಕೆಲವು ತಿಂಗಳು ಸುಮ್ಮನಾಗಿಸೋದು. ಮನೆಯಲ್ಲಿ 50 ದಾಟಿದವರಿದ್ದರೆ ಸರ್ಪಸುತ್ತಿನ ಲಸಿಕೆ ಬಗ್ಗೆ ಡಾಕ್ಟರನ್ನು ಕೇಳಿ. ನಾನು ಅವ್ವನಿಗೆ ಹಾಕಿಸಿರಲಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಹೋದ ತಿಂಗಳು ಪರೀಕ್ಷೆ ಪೇಪರ್ ತಿದ್ದುತ್ತಾ ಕೂತಿದ್ದಾಗ ಅವ್ವ ಒಳಗಿಂದ ನರಳಿದಳು. "ಎಲ್ಲಾ ಮಾಯ್ದಾವ, ಸುಮ್ನಿರು ಬೇ" ಅಂದೆ. ನಾನೇ ಅಂದೆ. ಆ ಡಾಕ್ಟರ ಮಾತು ಕೇಳಿದಾಗ ಅಷ್ಟು ಸಿಟ್ಟು ಬಂದದ್ದು ಅದು ನನ್ನದೇ ಮಾತು ಅನ್ನೋದಕ್ಕೇ.

ಸಂಜೆ ಅವ್ವನ ಪಕ್ಕ ಕೂತು, ಪಾಠ ಹೇಳುವ ಹಾಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿದಳು. "ಹಂಗಾರ ನಂದು ಖರೇನ ಐತಿ ಅಲಾ?" ಅಂದಳು.

ನಾಳೆ ಹುಬ್ಬಳ್ಳಿಗೆ, ನರದ ಡಾಕ್ಟರ ಹತ್ತಿರ ಹೊರಟಿದ್ದೇವೆ. ಬಸ್ಸಲ್ಲಿ ತಾಗಿದರೂ ಅಷ್ಟು ಚುಚ್ಚದ, ತೊಳೆದು ತೊಳೆದು ಮೆತ್ತಗಾದ ಹಳೇ ಸೀರೆಯೊಂದನ್ನು ಅವ್ವ ಈಗಲೇ ತೆಗೆದಿಟ್ಟಿದ್ದಾಳೆ.