ಯೆರೂಸಲೇಮ್ ಒಂದೇ ಸಾಕಾಗಿತ್ತೇ?

ಪ್ರಶ್ನೆ: ಕ್ರಿ.ಪೂ. 622ರ ಸುಮಾರಿಗೆ ಯೆಹೂದದ ಅರಸನಾದ ಯೋಷೀಯನು ಊರೂರಿನ ಯಜ್ಞವೇದಿಗಳನ್ನು ಕೆಡವಿಸಿ, ಬಲಿಯರ್ಪಣೆಯನ್ನು ಯೆರೂಸಲೇಮಿನ ದೇವಾಲಯಕ್ಕೆ ಮಾತ್ರ ಸೀಮಿತಗೊಳಿಸಿದ್ದು ಇಸ್ರಾಯೇಲ್ಯರ ಆರಾಧನೆಗೆ ಹಿತವಾಯಿತೇ?

ಪರ

ಪರವಾಗಿ ಬರೆಯಬೇಕೆಂದು ಕೇಳಿದಾಗ ಒಪ್ಪಿಕೊಂಡೆನಾದರೂ ಒಂದು ಮಾತನ್ನು ಮೊದಲೇ ಹೇಳಬೇಕು. ಯೋಷೀಯನು ಉತ್ತರದ ಸಮಾರ್ಯ ಪ್ರದೇಶದ ಊರುಗಳಲ್ಲಿ ಪೂಜಾಸ್ಥಳಗಳ ಯಾಜಕರನ್ನು ಅವರ ವೇದಿಗಳ ಮೇಲೆಯೇ ಕೊಂದದ್ದನ್ನು ನಾನು ಸಮರ್ಥಿಸಲಾರೆ. ನಾನು ಎತ್ತಿಹಿಡಿಯುವುದು ಬೈಬಲಿನ ಧರ್ಮೋಪದೇಶಕಾಂಡದ 12ನೆಯ ಅಧ್ಯಾಯದ ವಿಧಿಯನ್ನು ಮಾತ್ರ: ಇಸ್ರಾಯೇಲ್ಯರ ದೇವರಾದ ಯೆಹೋವನು ತನ್ನ ಹೆಸರನ್ನು ಸ್ಥಾಪಿಸುವುದಕ್ಕೆ ತಾನೇ ಆರಿಸಿಕೊಳ್ಳುವ ಒಂದೇ ಸ್ಥಳದಲ್ಲಿ ಬಲಿ ನಡೆಯಬೇಕು.

ಒಬ್ಬ ದೇವರಿಗೆ ಒಂದು ಸ್ಥಳ ಎಂಬುದು ಈ ವಿಧಿಯ ತಿರುಳು. ಬೆಟ್ಟಬೆಟ್ಟದ ಮೇಲೂ ವೇದಿಯಿದ್ದಾಗ ಅದರ ಪಕ್ಕದಲ್ಲೇ ಅಶೇರ ಎಂಬ ದೇವಿಯ ಸ್ತಂಭವೂ ಕಲ್ಲುಕಂಬವೂ ನಿಲ್ಲುತ್ತಿದ್ದವು; ಬೇತೇಲಿನಲ್ಲಿ ಉತ್ತರ ರಾಜ್ಯದ ಅರಸನಾದ ಯಾರೊಬ್ಬಾಮನು ಬಂಗಾರದ ಕರುವನ್ನೇ ನಿಲ್ಲಿಸಿದನು. ಯೆರೂಸಲೇಮಿನ ಆಲಯದಲ್ಲಾದರೋ ಪ್ರಾಕಾರದಿಂದ ಪರಿಶುದ್ಧ ಸ್ಥಳಕ್ಕೆ, ಅಲ್ಲಿಂದ ಉದ್ದ, ಅಗಲ, ಎತ್ತರ ಮೂರೂ ಇಪ್ಪತ್ತು ಮೊಳವಿದ್ದ ಮಹಾಪರಿಶುದ್ಧ ಸ್ಥಳಕ್ಕೆ ಹೋಗುತ್ತಿದ್ದಂತೆ ಪಾವಿತ್ರ್ಯದ ಮೆಟ್ಟಿಲುಗಳು ಏರುತ್ತಿದ್ದವು, ಪ್ರವೇಶಿಸಬಲ್ಲವರು ಕಡಿಮೆಯಾಗುತ್ತಿದ್ದರು. ವರ್ಷಕ್ಕೊಮ್ಮೆ ದೋಷಪರಿಹಾರಕ ದಿನದಂದು ಮಹಾಯಾಜಕನೊಬ್ಬನೇ ಒಳಗೆ ಕಾಲಿಡುವ ಆ ಕತ್ತಲೆಯ ಕೋಣೆಯ ಗಾಂಭೀರ್ಯವನ್ನು ಪ್ರತಿಯೊಂದು ಊರಿನ ಬಯಲಿನಲ್ಲಿಯೂ ಕಾಪಾಡುವುದು ಸಾಧ್ಯವಿರಲಿಲ್ಲ.

ಇಷ್ಟಾಗಿಯೂ ದೇವರು ಆ ಕೋಣೆಯಲ್ಲಿ ಹಿಡಿಸುತ್ತಾನೆಂದು ಯಾರೂ ಹೇಳಲಿಲ್ಲ. ಉನ್ನತೋನ್ನತವಾದ ಆಕಾಶವೂ ನಿನ್ನ ವಾಸಕ್ಕೆ ಸಾಲದಿರುವಾಗ ನಾನು ಕಟ್ಟಿಸಿದ ಈ ಮಂದಿರ ಸಾಕಾದೀತೇ ಎಂದು ಪ್ರತಿಷ್ಠೆಯ ದಿನವೇ ಸೊಲೊಮೋನನು ಪ್ರಾರ್ಥಿಸಿದನಲ್ಲವೇ! ಅಲ್ಲಿ ನೆಲೆಸಿದ್ದುದು ದೇವರ ಹೆಸರು. ಆದುದರಿಂದಲೇ ಕ್ರಿ.ಪೂ. 586ರಲ್ಲಿ ಬಾಬೆಲಿನವರು ಆಲಯವನ್ನು ಸುಟ್ಟಾಗಲೂ ಆರಾಧನೆ ಸುಟ್ಟುಹೋಗಲಿಲ್ಲ. ಬಾಬೆಲಿಗೆ ಸೆರೆಯಾಗಿ ಹೋದವರು ಯೆರೂಸಲೇಮಿನ ದಿಕ್ಕಿಗೆ ಮುಖಮಾಡಿ ಪ್ರಾರ್ಥಿಸಿದರು. ಅವರಲ್ಲೊಬ್ಬನಾದ ದಾನಿಯೇಲನ ಕೋಣೆಯ ಕಿಟಕಿಗಳು ಆ ಕಡೆಗೇ ತೆರೆದಿದ್ದವು. ಊರಿಗೊಂದು ವೇದಿಯ ಅಭ್ಯಾಸವೇ ಉಳಿದಿದ್ದರೆ ಪರದೇಶದ ನದಿನದಿಯ ದಡದಲ್ಲಿ ಹೊಸ ವೇದಿಗಳೆದ್ದು, ಯೆಹೋವನು ಆಯಾ ಊರಿನ ದೇವರುಗಳಲ್ಲಿ ಒಬ್ಬನಾಗಿಬಿಡುತ್ತಿದ್ದನು.

ಹಳ್ಳಿಯವರಿಗೆ ದೂರವಾಯಿತೆಂಬ ದೂರನ್ನು ಬಹಳ ದೊಡ್ಡದು ಮಾಡಬೇಕಾಗಿಲ್ಲ. ಊಟಕ್ಕಾಗಿ ಪಶುವನ್ನು ಊರಿನಲ್ಲೇ ಕೊಯ್ಯಬಹುದೆಂದೂ, ದೂರದವರು ದೇವರಿಗೆ ಸಲ್ಲಬೇಕಾದ ಹತ್ತನೆಯ ಪಾಲಾದ ದಶಮಾಂಶವನ್ನು ಮಾರಿ ಬೆಳ್ಳಿಯನ್ನು ಕಟ್ಟಿಕೊಂಡು ಬರಬಹುದೆಂದೂ ಅದೇ ಧರ್ಮೋಪದೇಶಕಾಂಡ ಅನುಮತಿ ಕೊಟ್ಟಿದೆ. ವರ್ಷಕ್ಕೆ ಮೂರು ಹಬ್ಬಗಳ ಯಾತ್ರೆ ಯಾರಿಗೂ ಮಿತಿಮೀರಿದ ಹೊರೆಯಲ್ಲ.

ವಿರೋಧ

ಸೀನಾಯಿ ಬೆಟ್ಟದಲ್ಲಿ ಹತ್ತು ಆಜ್ಞೆಗಳನ್ನು ಕೊಟ್ಟ ಬೆನ್ನಿಗೇ ಬಂದ ಮಾತು ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿದೆ. ನನಗೆ ಮಣ್ಣಿನ ವೇದಿ ಸಾಕು, ಕಲ್ಲಿನದಾದರೆ ಉಳಿ ಮುಟ್ಟಿಸಬೇಡಿ, ನನ್ನ ಹೆಸರಿನ ಸ್ಮರಣೆಯನ್ನು ಎಲ್ಲೆಲ್ಲಿ ಉಂಟುಮಾಡುವೆನೋ ಅಲ್ಲೆಲ್ಲ ನಾನು ಬಂದು ಆಶೀರ್ವದಿಸುವೆನು ಎಂಬುದು ಅದರ ಸಾರ. ಬರುವವನು ದೇವರು, ಜನರು ಅವನಲ್ಲಿಗೆ ಬೆಳ್ಳಿ ಕಟ್ಟಿಕೊಂಡು ನಡೆಯಬೇಕೆಂಬ ಮಾತು ಅಲ್ಲಿಲ್ಲ. ಪವಿತ್ರ ಸ್ಥಳವೆಂದರೇನು ಎಂಬ ಪ್ರಶ್ನೆಗೆ ನನಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಾಗಿಲ್ಲ.

ಯಾಕೋಬನು ಬೇತೇಲಿನಲ್ಲಿ ಹೊತ್ತು ಮುಳುಗಿತೆಂದು ತಲೆಗೆ ಕಲ್ಲಿಟ್ಟುಕೊಂಡು ಮಲಗಿದವನು, ಕನಸು ಕಂಡು ಎಚ್ಚೆತ್ತು, ಯೆಹೋವನು ಇಲ್ಲಿರುವುದು ತನಗೆ ತಿಳಿಯದೆಹೋಯಿತೆಂದು ನಡುಗಿದನು. ಸಮುವೇಲನು ರಾಮದಲ್ಲಿ ವೇದಿ ಕಟ್ಟಿದನು. ಎಲೀಯನು ಕರ್ಮೆಲ್ ಬೆಟ್ಟದಲ್ಲಿ ಹಾಳುಬಿದ್ದಿದ್ದ ಯೆಹೋವನ ವೇದಿಯನ್ನು ಕೆಡವಲಿಲ್ಲ, ಸರಿಪಡಿಸಿದನು. ಯೋಷೀಯನು ಯಾಕೋಬನ ಬೇತೇಲಿನಲ್ಲಿದ್ದ ವೇದಿಯನ್ನೇ ಪುಡಿಮಾಡಿಸಿದನೆಂಬುದನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನೆಗೆವ್ ಪ್ರದೇಶದ ಅರಾದ್ ಕೋಟೆಯಲ್ಲಿ 1960ರ ದಶಕದಲ್ಲಿ ಯೋಹಾನಾನ್ ಅಹರೋನಿಯವರು ಅಗೆದಾಗ ಒಂದು ಪುಟ್ಟ ಆಲಯ ಸಿಕ್ಕಿತು. ಅಂಗಳದಲ್ಲಿ ಮಣ್ಣು ಮತ್ತು ಉಳಿ ಮುಟ್ಟದ ಕಲ್ಲುಗಳ ವೇದಿ, ಒಳಗಿನ ಗರ್ಭಗುಡಿಯ ಬಾಯಲ್ಲಿ ಎರಡು ಧೂಪವೇದಿಗಳು. ದೊಡ್ಡ ಧೂಪವೇದಿಯ ಮೇಲೆ ದಕ್ಷಿಣ ಅರೇಬಿಯಾದ ಮರಗಳ ಸುಗಂಧದ ಅಂಟು ಉರಿದ ಕುರುಹಿದೆಯೆಂದು 2020ರಲ್ಲಿ ಪ್ರಕಟವಾದ ಪರೀಕ್ಷೆ ತೋರಿಸಿತು. ಗಡಿಕಾವಲಿನ ಕೋಟೆಯವರು ದೇವರಿಗೆ ಅಷ್ಟು ದೂರದಿಂದ ಬಂದ ವಸ್ತುವನ್ನು ಉರಿಸುತ್ತಿದ್ದರು. ಆ ಆಲಯವನ್ನು ಮುಚ್ಚಿದ್ದು ಯೋಷೀಯನಿಗಿಂತ ಹಿಂದಿನ ಅರಸನಾದ ಹಿಜ್ಕೀಯನ ಕಾಲದಲ್ಲೋ ಯೋಷೀಯನ ಕಾಲದಲ್ಲೋ ಎಂಬುದು ವಿದ್ವಾಂಸರ ಚರ್ಚೆ. ಯಾರ ಕಾಲದಲ್ಲೇ ಆಗಲಿ, ಮುಚ್ಚಿದವರು ಆ ಧೂಪವೇದಿಗಳನ್ನು ಒಡೆಯಲಿಲ್ಲ, ಅಡ್ಡ ಮಲಗಿಸಿ ಮಣ್ಣು ಮುಚ್ಚಿದರು.

ಮುಚ್ಚಿದ ಊರುಗಳ ಯಾಜಕರು ಏನಾದರು? ಊರಿನಿಂದ ಯೆರೂಸಲೇಮಿಗೆ ಬಂದ ಲೇವಿಯನು, ಅಂದರೆ ಯಾಜಕಸೇವೆಯ ಕುಲದವನು, ಉಳಿದವರಂತೆಯೇ ಸೇವೆ ಮಾಡಬಹುದು ಎಂದು ಧರ್ಮೋಪದೇಶಕಾಂಡ ಹೇಳುತ್ತದೆ. ಆದರೆ ಅರಸುಗಳ ಎರಡನೆಯ ಗ್ರಂಥದ 23ನೆಯ ಅಧ್ಯಾಯದ ಒಂಬತ್ತನೆಯ ವಚನದ ಪ್ರಕಾರ ಅವರು ಯೆರೂಸಲೇಮಿನ ವೇದಿಯ ಬಳಿಗೆ ಹೋಗಲಿಲ್ಲ. ತಮ್ಮ ಸಹೋದರರ ನಡುವೆ ಹುಳಿಯಿಲ್ಲದ ರೊಟ್ಟಿಯನ್ನು ಮಾತ್ರ ತಿನ್ನುತ್ತಿದ್ದರು.

ಈ ವಚನ ನನಗೆ ಅರ್ಥವಾದದ್ದು ನಮ್ಮ ಅಜ್ಜಿಯ ಊರಿನಿಂದ. ಅಲ್ಲಿ ಹಂಚಿನ ಮಾಡಿನ ಒಂದು ಸಣ್ಣ ಪ್ರಾರ್ಥನಾಲಯವಿತ್ತು, ಇಪ್ಪತ್ತು ಮನೆಗಳವರು ಸೇರುತ್ತಿದ್ದರು, ವಯಸ್ಸಾದ ಒಬ್ಬ ಉಪದೇಶಿ ಆರಾಧನೆ ನಡೆಸುತ್ತಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಅದನ್ನು ಮುಚ್ಚಿ, ಎಲ್ಲರೂ ಪೇಟೆಯ ದೊಡ್ಡ ದೇವಾಲಯಕ್ಕೆ ಬರಬೇಕೆಂದು ತೀರ್ಮಾನವಾಯಿತು. ಅಲ್ಲಿ ಒಳ್ಳೆಯ ಗಾಯನ ಮಂಡಳಿಯಿತ್ತು, ವ್ಯವಸ್ಥೆಯಿತ್ತು, ಯಾರೂ ನಮ್ಮನ್ನು ಅವಮಾನಿಸಲಿಲ್ಲ. ಉಪದೇಶಿಯವರು ಮಾತ್ರ ಕೊನೆಯ ಬೆಂಚಿನಲ್ಲಿ ಕುಳಿತಿರುತ್ತಿದ್ದರು. ಪಾಠ ಓದಲೂ ಅವರನ್ನು ಯಾರೂ ಕರೆಯುತ್ತಿರಲಿಲ್ಲ, ಹಬ್ಬದ ಊಟಕ್ಕೆ ಮಾತ್ರ ಆದರದಿಂದ ಕರೆದು ಬಡಿಸುತ್ತಿದ್ದರು. ಬಸ್ಸು ಹತ್ತಲಾಗದ ಅಜ್ಜಿ ಭಾನುವಾರ ಬೆಳಿಗ್ಗೆ ಸಂಗೀತದ ಪುಸ್ತಕ ಹಿಡಿದು ಬೀಗ ಹಾಕಿದ ಆ ಪ್ರಾರ್ಥನಾಲಯದ ಜಗಲಿಯಲ್ಲಿ ಕುಳಿತು ಒಬ್ಬಳೇ ಹಾಡುತ್ತಿದ್ದಳು. “ಬೀಗ ನಮಗೆ ಹಾಕಿದ್ದು ಮಗಾ, ಅವನಿಗಲ್ಲ” ಎಂದು ಒಮ್ಮೆ ನನಗೆ ಹೇಳಿದಳು. ವರ್ಷಕ್ಕೆ ಮೂರು ಯಾತ್ರೆ ಹೊರೆಯಲ್ಲ ಎನ್ನುವವರು ನಡೆಯಬಲ್ಲವರನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದಾರೆ.

ಯೋಷೀಯನು ವೇದಿಗಳನ್ನು ಕೆಡವಿಸಿದ್ದರಿಂದಲೇ ಜನರು ಸೆರೆವಾಸದಲ್ಲಿ ಉಳಿದುಕೊಂಡರು ಎಂಬುದು ಪರವಾಗಿ ಬರೆದವರ ಮುಖ್ಯ ವಾದ. ಮುಂದೆ ಮನೆ ಸುಟ್ಟೀತೆಂದು ಇಂದೇ ಒಲೆಯನ್ನು ಒಡೆದುಹಾಕುವ ಬುದ್ಧಿ ಅದು, ನಾನು ಒಪ್ಪಲಾರೆ. ಪರದೇಶದ ವೇದಿಯಿಂದ ಯೆಹೋವನು ಕಳೆದುಹೋಗುತ್ತಿದ್ದನೆಂಬುದಕ್ಕೂ ಎದುರು ಸಾಕ್ಷಿಯಿದೆ. ಈಜಿಪ್ಟಿನಲ್ಲಿ ನೈಲ್ ನದಿಯ ಎಲಿಫಂಟೈನ್ ದ್ವೀಪದಲ್ಲಿ ಕಾವಲು ಪಡೆಯ ಯೆಹೂದ್ಯರು ‘ಯಾಹೋ’ ಎಂಬ ಹೆಸರಿನಲ್ಲಿ ಅದೇ ದೇವರಿಗೆ ಆಲಯ ಕಟ್ಟಿ ತಲೆಮಾರುಗಳ ಕಾಲ ಬಲಿಯರ್ಪಿಸಿದರು. ಕ್ರಿ.ಪೂ. 410ರಲ್ಲಿ ಅದನ್ನು ಕೆಡವಿದಾಗ ಅವರು ಹೆಂಡತಿ ಮಕ್ಕಳೊಂದಿಗೆ ಗೋಣಿತಟ್ಟು ಉಟ್ಟು ಉಪವಾಸ ಮಾಡಿದರು. ಮತ್ತೆ ಕಟ್ಟಲು ನೆರವಾಗಬೇಕೆಂದು ಕ್ರಿ.ಪೂ. 407ರಲ್ಲಿ ಯೆಹೂದದ ಅಧಿಪತಿ ಬಾಗೋಹಿಗೆ ಅವರು ಬರೆದ ಪತ್ರ ಇಂದಿಗೂ ಉಳಿದಿದೆ. ಯೆರೂಸಲೇಮಿನ ಮಹಾಯಾಜಕನಿಗೂ ಮೊದಲೇ ಬರೆದಿದ್ದೆವು, ಅವನಿಂದ ಉತ್ತರ ಬರಲಿಲ್ಲ ಎಂದು ಅದರಲ್ಲಿದೆ.