ಅಡಿಕೆ ತೋಟ ಎಷ್ಟು ಬಿಎಚ್‌ಕೆ?

2022ರ ದೀಪಾವಳಿಗೆ ಮೂರು ದಿನ ಮೊದಲು, ಅಕ್ಟೋಬರ್ 21ರಂದು, ಕೇಂದ್ರ ಕೃಷಿ ಸಚಿವಾಲಯ ರೈತರಿಗೊಂದು ಉಡುಗೊರೆ ಕೊಟ್ಟಿತು. ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ಇನ್ನು ಯಾರೂ ತಾವೇ ಹೊಡೆಯುವಂತಿಲ್ಲ, ‘ಪೆಸ್ಟ್ ಕಂಟ್ರೋಲ್ ಆಪರೇಟರ್’ ಕೈಯಿಂದಲೇ ಹೊಡೆಸಬೇಕು ಎಂಬ ಆದೇಶ. ಮನುಷ್ಯರಿಗೂ ಪ್ರಾಣಿಗಳಿಗೂ ಅಪಾಯವಿದೆಯಂತೆ, ಅದಕ್ಕೆ.

ಅಪಾಯದ ಮಾತು ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಈ ಆಪರೇಟರು ಯಾರು? ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿನ ಪಕ್ಕ ಚೀಟಿ ಅಂಟಿಸಿ ಹೋಗುವವರು. ಜಿರಳೆ, ತಿಗಣೆ, ಗೆದ್ದಲು ಅವರ ಕಾರ್ಯಕ್ಷೇತ್ರ. ತೀರ್ಥಹಳ್ಳಿ ಕಡೆಯ ನಮ್ಮ ಭಾವ ಕಾನೂನಿಗೆ ಹೆದರುವ ಮನುಷ್ಯ. ಮಗಳ ಫ್ಲ್ಯಾಟಿನಲ್ಲಿ ಸಿಕ್ಕ ಅಂಥದೇ ಚೀಟಿಯ ನಂಬರಿಗೆ ಫೋನ್ ಹಚ್ಚಿದರು.

“ಎಷ್ಟು ಬಿಎಚ್‌ಕೆ ಸಾರ್?”

“ಬಿಎಚ್‌ಕೆ ಅಲ್ಲ ಮಾರಾಯ್ರೆ, ಮೂರೆಕರೆ ಅಡಿಕೆ ತೋಟ.”

“ಫರ್ನಿಷ್ಡಾ, ಸೆಮಿ ಫರ್ನಿಷ್ಡಾ?”

“ಒಳಗೆ ಬಾಳೆ, ಕಾಳುಮೆಣಸು, ನಾಲ್ಕು ಬುಡ ಏಲಕ್ಕಿ ಇದೆ.”

“ಸರಿ ಸಾರ್. ಹಿಂದಿನ ದಿನ ಸಾಮಾನೆಲ್ಲ ಹೊರಗೆ ತೆಗೆದಿಡಿ. ನಾವು ಹೊಡೆದು ಹೋದಮೇಲೆ ಎರಡು ಗಂಟೆ ಕಿಟಕಿ ಬಾಗಿಲು ಹಾಕಿರಬೇಕು. ವರ್ಷದ ಕಾಂಟ್ರಾಕ್ಟ್ ಮಾಡಿಸಿದ್ರೆ ಹಲ್ಲಿ ಫ್ರೀ.”

ಊರಲ್ಲೇ ಒಬ್ಬ ಆಪರೇಟರನ್ನು ತಯಾರು ಮಾಡಿಕೊಂಡರಾಯಿತಲ್ಲ ಎನ್ನಬಹುದು. ಅದಕ್ಕೂ ನಿಯಮವಿದೆ. ಕೃಷಿ ಪದವಿ ಇರಬೇಕು, ಇಲ್ಲವೇ ರಸಾಯನಶಾಸ್ತ್ರ ಓದಿದ ವಿಜ್ಞಾನ ಪದವಿ. ಅದರ ಮೇಲೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಂಥ ಕಡೆ ಕನಿಷ್ಠ 15 ದಿನದ ತರಬೇತಿ, ಆಮೇಲೆ ಲೈಸೆನ್ಸು. ಬಿಎಸ್ಸಿ ಮಾಡಿದ ಹುಡುಗರು ನಮ್ಮಲ್ಲಿ ಇಲ್ಲವೆಂದಲ್ಲ. ಅವರೆಲ್ಲ ಈಗ ಜಿರಳೆ ಹೊಡೆಸಿಕೊಳ್ಳುವ ಫ್ಲ್ಯಾಟುಗಳಲ್ಲಿದ್ದಾರೆ.

ಮಲೆನಾಡಿನ ಮಳೆಗೂ ಈ ಆದೇಶದ ಪ್ರತಿ ಕಳಿಸಬೇಕಿತ್ತು. ಜೂನ್‌ನಲ್ಲಿ ಹಿಡಿದ ಮಳೆ ನಡುವೆ ಎಲ್ಲೋ ಎರಡು ದಿನ ಹೊಳವಾದರೆ ಅಷ್ಟರಲ್ಲೇ ಔಷಧಿ ಹೊಡೆದು ಮುಗಿಸಬೇಕು. ಆ ಎರಡು ದಿನದೊಳಗೆ ಲೈಸೆನ್ಸಿನ ಪುಣ್ಯಾತ್ಮ ಶಿವಮೊಗ್ಗದಲ್ಲಿ ಬಸ್ಸು ಹಿಡಿದು, ಇಳಿದು, ಸಂಕ ದಾಟಿ, ಇಂಬಳ ಕಿತ್ತು ಹಾಕಿಕೊಂಡು ತೋಟ ಸೇರಬೇಕು. ನೂರೆಕರೆ ಎಸ್ಟೇಟಿನವನು ಲೈಸೆನ್ಸು ಇರುವ ಒಬ್ಬನನ್ನು ಸಂಬಳ ಕೊಟ್ಟು ಇಟ್ಟುಕೊಂಡಾನು. ಮೂರೆಕರೆಯವನು ಕತ್ತಿ ಹಿಡಿಯಬೇಕು, ಅಥವಾ ಹುಲ್ಲು ಹೊಡೆಯುವ ಮೆಷಿನ್ ಹೆಗಲಿಗೆ ಹಾಕಿಕೊಳ್ಳುವ ಆಳನ್ನು ಹುಡುಕಬೇಕು. ಆಳು ಸಿಕ್ಕರೆ ಕಳೆ ತೆಗೆಯುವ ಔಷಧಿಯ ಮಾತೇ ಯಾಕೆ ಬರುತ್ತಿತ್ತು ಎಂದು ಸಚಿವಾಲಯದಲ್ಲಿ ಯಾರೂ ಕೇಳಿದಂತಿಲ್ಲ.

ಇನ್ನೂ ಸ್ವಾರಸ್ಯದ ವಿಷಯ ಬೇರೆ ಇದೆ. ನಮ್ಮ ದೇಶದಲ್ಲಿ ಗ್ಲೈಫೋಸೇಟಿಗೆ ಅನುಮತಿ ಇರುವುದೇ ಚಹಾ ತೋಟಕ್ಕೆ ಮತ್ತು ಬೆಳೆ ಇಲ್ಲದ ಜಾಗಕ್ಕೆ. ಅಂದರೆ ಕಾಗದದ ಪ್ರಕಾರ ಅಡಿಕೆ ತೋಟಕ್ಕೆ ಈ ಔಷಧಿ ಯಾವತ್ತೂ ಕಾಲಿಟ್ಟೇ ಇಲ್ಲ. ಕಾಲಿಡದ ಔಷಧಿಯನ್ನು ಇನ್ನು ಮುಂದೆ ತಜ್ಞರಿಂದಲೇ ಹೊಡೆಸಬೇಕು! ಈ ಎರಡೂ ನಿಯಮಗಳನ್ನು ಒಬ್ಬನೇ ರೈತ ಪಾಲಿಸುವುದು ಹೇಗೆಂದು ಕೇಳಿದರೆ ಉತ್ತರ ಸುಲಭ. ಎರಡನ್ನೂ ಪಾಲಿಸದೆ ಇರುವುದು. ಹಾಗೆಯೇ ನಡೆದಿದೆ.

ಗ್ಲೈಫೋಸೇಟ್ ಆದೇಶಕ್ಕೆ ಎರಡು ವರ್ಷ ಹಿಂದೆ, 2020ರ ಮೇ ತಿಂಗಳಲ್ಲಿ, ಇದೇ ಸಚಿವಾಲಯಕ್ಕೆ ಇನ್ನೂ ದೊಡ್ಡ ಹುರುಪು ಬಂದಿತ್ತು. ಒಂದೇ ಏಟಿಗೆ 27 ಕೀಟನಾಶಕ, ಶಿಲೀಂಧ್ರನಾಶಕ, ಕಳೆನಾಶಕಗಳ ನಿಷೇಧಕ್ಕೆ ಕರಡು. ಹಾಸನದ ಆಲೂಗಡ್ಡೆಯವರಿಗೂ ವಿಜಯಪುರದ ದ್ರಾಕ್ಷಿಯವರಿಗೂ ಮನೆಮಾತಾದ ಮ್ಯಾಂಕೋಜೆಬ್, ಕಾರ್ಬೆಂಡಾಜಿಂ ಎಲ್ಲ ಪಟ್ಟಿಯಲ್ಲಿದ್ದವು. ಮೆಲಾಥಿಯಾನ್ ಎಂಬ ಕೀಟನಾಶಕ ಕೂಡ ಇತ್ತು. ಗ್ರಹಚಾರ ನೋಡಿ, ಅದೇ ತಿಂಗಳು ರಾಜಸ್ಥಾನಕ್ಕೆ ಮಿಡತೆ ದಂಡು ಇಳಿಯಿತು. ಸರ್ಕಾರ ಏನು ಸಿಂಪಡಿಸಿತು? ಮೆಲಾಥಿಯಾನ್. ಅಷ್ಟಕ್ಕೇ ನಿಲ್ಲಲಿಲ್ಲ, ಸರ್ಕಾರದ್ದೇ ಕಂಪನಿ ಎಚ್‌ಐಎಲ್ 25 ಟನ್ ಮೆಲಾಥಿಯಾನ್ ತಯಾರಿಸಿ ಮಿಡತೆ ಹೊಡೆಯಲು ಇರಾನಿಗೂ ಕಳಿಸಿಕೊಟ್ಟಿತು. ಒಂದು ಟೇಬಲ್ಲಿನಲ್ಲಿ ವಿಷ, ಪಕ್ಕದ ಟೇಬಲ್ಲಿನಲ್ಲಿ ರಾಜತಾಂತ್ರಿಕತೆ. ಮಿಡತೆಗಳು ಮಾತ್ರ ಕರಡು ಓದದೆ ಸತ್ತವು.

ಆಮೇಲೆ ಆಕ್ಷೇಪಣೆ ಬಂದವು, ಸಮಿತಿ ಕೂತಿತು, ಎದ್ದಿತು. 2023ರಲ್ಲಿ ಅಂತಿಮ ಆದೇಶ ಹೊರಬಿದ್ದಾಗ 27ರಲ್ಲಿ ಪೂರ್ತಿ ನಿಷೇಧವಾದದ್ದು ಡೈಕೋಫಾಲ್, ಡಿನೋಕ್ಯಾಪ್, ಮೆಥೋಮಿಲ್ ಎಂಬ ಮೂರು. ಮೋನೋಕ್ರೋಟೋಫಾಸ್ ಎಂಬ ಕೀಟನಾಶಕದ ಶೇ. 36ರ ದ್ರಾವಣಕ್ಕೆ ಒಂದು ವರ್ಷದ ಗಡುವು. ಮಿಕ್ಕವುಗಳಲ್ಲಿ ಕೆಲವು ಲೇಬಲ್ಲಿನಲ್ಲಿ ಕೆಲವು ಬೆಳೆಯ ಹೆಸರು ಹೊಡೆಸಿಕೊಂಡು, ಉಳಿದವು ಹಾಗೆಯೇ, ಅಂಗಡಿಯ ಕಪಾಟಿನಲ್ಲಿ ಕೂತವು.

ಮೋನೋಕ್ರೋಟೋಫಾಸ್ ಹೆಸರು ಬಂದಾಗ ಮಾತ್ರ ನನಗೆ ನಗು ಬರುವುದಿಲ್ಲ. 2013ರ ಜುಲೈನಲ್ಲಿ ಬಿಹಾರದ ಛಾಪ್ರಾ ಬಳಿಯ ಶಾಲೆಯ ಬಿಸಿಯೂಟದಲ್ಲಿ ಅದು ಬೆರೆತು 23 ಮಕ್ಕಳು ಸತ್ತರು. ತರಕಾರಿಗೆ ಅದನ್ನು ಹೊಡೆಯಬಾರದೆಂದು 2005ರಲ್ಲೇ ನಿಷೇಧವಿತ್ತು, ಹತ್ತಿಗೆ ಹೊಡೆಯಬಹುದಿತ್ತು. ತಾನು ಹತ್ತಿಗೆ ಹೊರಟಿದ್ದೇನೋ ಬದನೆಗೆ ಹೊರಟಿದ್ದೇನೋ ಎಂದು ಬಾಟಲಿಗೆ ಗೊತ್ತಿರುತ್ತದೆಂದು ಎಣಿಸಿದ್ದರು ಕಾಣುತ್ತದೆ. ಎಂಡೋಸಲ್ಫಾನ್ ಎಂಬ ಕೀಟನಾಶಕದ ಕತೆಯೂ ಅಷ್ಟೆ. ಕಾಸರಗೋಡಿನಲ್ಲೂ, ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಲೂ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಅದನ್ನು ಸುರಿದದ್ದು ಬಡ ರೈತನಲ್ಲ, ಸರ್ಕಾರಿ ನಿಗಮಗಳು. 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯುವವರೆಗೂ ದೇಶದಲ್ಲಿ ಅದು ತಯಾರಾಗುತ್ತಲೇ ಇತ್ತು. ಬಿಗಿ ಬೇಕಿದ್ದದ್ದು ಅಲ್ಲಿ, ಕಾರ್ಖಾನೆಯ ಬಾಗಿಲಲ್ಲಿ, ನೋಂದಣಿಯ ಮೇಜಿನಲ್ಲಿ. ಅಲ್ಲೆಲ್ಲ ಸಡಿಲ ಬಿಟ್ಟು ಬೆನ್ನಿಗೆ ಪಂಪು ಕಟ್ಟಿಕೊಂಡವನ ಹತ್ತಿರ ಬಂದಾಗ ಸರ್ಕಾರಕ್ಕೆ ಶಿಸ್ತು ನೆನಪಾಗುತ್ತದೆ.

ಶಿಸ್ತಿನ ಇನ್ನೊಂದು ರೂಪ ಬಾಟಲಿಯ ಜೊತೆ ಬರುವ ಕರಪತ್ರ. ಪಂಚೆಯಷ್ಟು ಉದ್ದ, ಬೀಡಿ ಕಟ್ಟಿನಷ್ಟು ಗಾತ್ರಕ್ಕೆ ಮಡಚಿದ್ದು, ಎಷ್ಟೋ ಭಾಷೆಗಳ ನಡುವೆ ಕನ್ನಡವನ್ನು ಹುಡುಕುವಷ್ಟರಲ್ಲಿ ಮಳೆ ಬಂದಿರುತ್ತದೆ. ಸಿಕ್ಕಿತೆನ್ನಿ, ಅಕ್ಷರ ಸಾಸಿವೆಗಿಂತ ಸಣ್ಣದು. ಕೈಗವಸು, ಕನ್ನಡಕ, ಮುಖಗವಸು, ರಬ್ಬರ್ ಬೂಟು ಹಾಕಿಕೊಳ್ಳಿ ಎಂದಿರುತ್ತದೆ. ಭಾವ ಒಮ್ಮೆ ಇಷ್ಟನ್ನೂ ಧರಿಸಿ ಏಪ್ರಿಲ್ ಸೆಕೆಯಲ್ಲಿ ತೋಟಕ್ಕೆ ಇಳಿದಿದ್ದರು. ಸ್ವಂತ ನಾಯಿಯೇ ಬೊಗಳಿತು. ಅಕ್ಕ ಜೀರಿಗೆ ಕಷಾಯ ಹಿಡಿದುಕೊಂಡು ಹೋಗಿ ಕರೆದುಕೊಂಡು ಬಂದಳು.

ಇಷ್ಟೆಲ್ಲ ಆದಮೇಲೂ ಭಾವ ಹಠ ಬಿಡಲಿಲ್ಲ. ಗೊಬ್ಬರದಂಗಡಿಗೆ ಹೋಗಿ ಕಳೆ ಔಷಧಿ ಕೇಳಿದರು. ಅಂಗಡಿಯವರು ಏನನ್ನೂ ಕೇಳದೆ ಕ್ಯಾನು ಮುಂದಿಟ್ಟರು.

“ಬಿಲ್ ಕೊಡಿ” ಎಂದರು ಭಾವ.

ಅಂಗಡಿಯವರು ಆಕಾಶ ಕಳಚಿ ಬಿದ್ದವರ ಹಾಗೆ ನೋಡಿದರು. “ಬಿಲ್ ಯಾಕೆ ಭಟ್ರೇ? ಹದಿನೆಂಟು ಪರ್ಸೆಂಟ್ ಜಿಎಸ್‌ಟಿ ಬೀಳುತ್ತೆ.”

“ಬೀಳಲಿ. ನಾಳೆ ಔಷಧಿ ಡೂಪ್ಲಿಕೇಟ್ ಅಂತಾದ್ರೆ ಗ್ರಾಹಕರ ಕೋರ್ಟಿಗೆ ಹೋಗಬೇಕಲ್ಲ.”

“ಸರಿ, ಯಾವ ಬೆಳೆಗೆ ಅಂತ ಬರೀಲಿ?”

“ಅಡಿಕೆ.”

“ಅಡಿಕೆಗೆ ಇದನ್ನ ಮಾರೋ ಹಾಗೇ ಇಲ್ಲ. ಟೀ ಅಂತ ಬರೀತೀನಿ, ಇಲ್ಲಾಂದ್ರೆ ಪಾಳು ಜಾಗ ಅಂತ. ಯಾವುದಾಗಬಹುದು?”

ಅಜ್ಜ ನೆಟ್ಟ ತೋಟವನ್ನು ಪಾಳು ಅನ್ನಿಸಿಕೊಳ್ಳಲು ಭಾವನಿಗೆ ಮನಸ್ಸಾಗಲಿಲ್ಲ. ಹಾಗಾಗಿ ಸದ್ಯ ಅವರು ಮೂರೆಕರೆಯ ಟೀ ಎಸ್ಟೇಟ್ ಮಾಲೀಕರು. ಬೆಳೆ ಸಾಲಕ್ಕೆ ಬ್ಯಾಂಕಿಗೆ ಹೋದಾಗ ಮಾತ್ರ ಆ ಬಿಲ್ಲನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾರೆ.